ಹೊರಪರದೆಯನ್ನು ಲ್ಯಾಪ್‌ಟಾಪು ಗುರುತಿಸುವ ಬಗೆ

ನಮ್ಮ ಮಿತ್ರರೊಬ್ಬರು ನಿವೃತ್ತ ಉಪಾಧ್ಯಾಯರು. ತಮ್ಮ ತಾಲ್ಲೂಕಿನ ಹಳೆಯ ರೈತರ ಬಾಯಲ್ಲಿ ಮಾತ್ರ ಉಳಿದಿರುವ ಬೇಸಾಯದ ಮಾತುಗಳನ್ನು ಅವರು ಹನ್ನೆರಡು ವರ್ಷಗಳಿಂದ ಕೂಡಿಹಾಕುತ್ತಿದ್ದಾರೆ. ಆ ಚೀಟಿಗಳನ್ನೆಲ್ಲ ಈಗ ಲ್ಯಾಪ್‌ಟಾಪಿಗೆ ಏರಿಸುತ್ತಿದ್ದಾರೆ. ಸಕ್ಕರೆ ಕಾಯಿಲೆಯಿಂದ ಅವರ ದೃಷ್ಟಿ ಕುಂದಿದೆ. ಲ್ಯಾಪ್‌ಟಾಪಿನ ಸ್ವಂತ ಪರದೆಯ ಮೇಲಿನ ಅಕ್ಷರಗಳು ಅವರಿಗೆ ಇರುವೆಯ ಸಾಲಿನಂತೆ ಕಾಣುತ್ತವೆಯೇ ಹೊರತು ಓದಲು ಬಾರವು. ಆದುದರಿಂದ ಮೇಜಿನ ಮೇಲೆ ದೊಡ್ಡದೊಂದು ಮಾನಿಟರನ್ನು ಇಟ್ಟು, ಕೇಬಲ್ಲಿನಿಂದ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅದರಲ್ಲಿ ಅಕ್ಷರಗಳನ್ನು ಹಿಗ್ಗಿಸಿಕೊಂಡು ಕೆಲಸ ಮಾಡುತ್ತಾರೆ.

ಕೆಲವು ತಿಂಗಳ ಹಿಂದೆ ಈ ಏರ್ಪಾಟಿಗೆ ಎರಡು ತೊಡಕುಗಳು ಬಂದುವು. ಸ್ವಿಚ್ಚು ಒತ್ತಿದ ಮೇಲೆ ಯಂತ್ರವು ಕೆಲಸಕ್ಕೆ ಸಿದ್ಧವಾಗಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯತೊಡಗಿತು. ಸಿದ್ಧವಾದ ಮೇಲೂ ಎಷ್ಟೋ ದಿನ ದೊಡ್ಡ ಮಾನಿಟರು ಕಪ್ಪಾಗಿಯೇ ಉಳಿಯುತ್ತಿತ್ತು; ಪಾಸ್‌ವರ್ಡ್ ಕೇಳುವ ಚೌಕವು ಅವರು ಓದಲಾರದ ಚಿಕ್ಕ ಪರದೆಯಲ್ಲಿ ಮಾತ್ರ ಮೂಡುತ್ತಿತ್ತು. ಅಂಗಡಿಯವರು, “ಯಂತ್ರ ಹಳೆಯದಾಯಿತು ಮೇಷ್ಟ್ರೇ, ಹೊಸದು ತೆಗೆದುಕೊಳ್ಳಿ” ಎಂದರು. ಪಿಂಚಣಿಯ ಹಣದಲ್ಲಿ ಅದು ಸುಲಭವಾದ ಮಾತಲ್ಲ. ನಾವು ಅವರ ಮನೆಗೆ ಹೋದಾಗ ಅವರು ಯಂತ್ರವನ್ನು ಆರಿಸದೆ ನಲವತ್ತು ದಿನಗಳಾಗಿದ್ದುವು. “ಆರಿಸಿದರೆ ಮತ್ತೆ ನನಗೆ ಕಾಣಿಸಿಕೊಳ್ಳುತ್ತದೋ ಇಲ್ಲವೋ ಎಂಬ ಅಂಜಿಕೆ” ಎಂದರು.

ಯಂತ್ರವು ಹಳೆಯದಾಗಿದ್ದುದು ನಿಜ; ಆದರೆ ರೋಗ ಮುಪ್ಪಿನದಲ್ಲ. ತಡವಾಗಿ ಏಳುವುದು, ಪರದೆಯನ್ನು ಕಾಣದಿರುವುದು ಇವೆರಡೂ ಬೇರೆ ಬೇರೆ ಎಂದು ತೋರಿದರೂ ಅವುಗಳ ಮೂಲ ಒಂದೇ ಬಗೆಯದು. ಅದೇನೆಂಬುದನ್ನು ತಿಳಿಯಲು, ಸ್ವಿಚ್ಚು ಒತ್ತಿದ ಮೇಲೆ ಲ್ಯಾಪ್‌ಟಾಪಿನೊಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಎಚ್ಚರಗೊಳ್ಳುವ ಕ್ರಮ

ವಿದ್ಯುತ್ತು ಹರಿದ ಕ್ಷಣದಲ್ಲಿ ಗಣಕದ ಸ್ಮರಣೆ ಬರಿದಾಗಿರುತ್ತದೆ. ತನ್ನೊಡನೆ ಯಾವ ಡಿಸ್ಕಿದೆ, ಯಾವ ಪರದೆಯಿದೆ, ಕೀಲಿಮಣೆ ಎಲ್ಲಿದೆ ಎಂಬ ಯಾವುದೂ ಅದಕ್ಕೆ ತಿಳಿಯದು. ಅದರ ಪ್ರೊಸೆಸರಿಗೆ ಗೊತ್ತಿರುವುದು ಒಂದೇ: ನಿಗದಿಯಾದ ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವ ಆಜ್ಞೆಯನ್ನು ನಡೆಸುವುದು. ಆ ವಿಳಾಸದ ಹಿಂದೆ, ವಿದ್ಯುತ್ತು ಇಲ್ಲದಿದ್ದರೂ ಬರಹವನ್ನು ಮರೆಯದ ಒಂದು ಚಿಪ್ಪು ಇರುತ್ತದೆ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಇಂತಹ ಚಿಪ್ಪಿನೊಳಗಿನ ಕಾರ್ಯಕ್ರಮಕ್ಕೆ ಬಯಾಸ್ ಎಂದು ಹೆಸರಿತ್ತು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಅದರ ಸ್ಥಾನದಲ್ಲಿರುವುದು ಯು.ಇ.ಎಫ್.ಐ. ಎಂಬ ಏರ್ಪಾಟು; ಹಳೆಯ ರೂಢಿಯಿಂದ ಜನ ಅದನ್ನೂ ಬಯಾಸ್ ಎಂದೇ ಕರೆಯುವುದುಂಟು.

ಈ ಮೊದಲ ಕಾರ್ಯಕ್ರಮವು ಸ್ಮರಣೆಯನ್ನು ಪರೀಕ್ಷಿಸಿ ಹದಗೊಳಿಸುತ್ತದೆ, ಡಿಸ್ಕನ್ನು ಹುಡುಕುತ್ತದೆ, ತಯಾರಕರ ಲಾಂಛನವನ್ನು ತೋರಿಸಲು ಒಂದು ಪರದೆಯನ್ನು ಅರಸುತ್ತದೆ. ಬಳಿಕ ಡಿಸ್ಕಿನಿಂದ ಚಿಕ್ಕದೊಂದು ಕಾರ್ಯಕ್ರಮವನ್ನು ಎತ್ತಿ ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಆ ಚಿಕ್ಕದು ವಿಂಡೋಸ್ ಅಥವಾ ಲಿನಕ್ಸ್‌ನ ತಿರುಳನ್ನು ಎತ್ತುತ್ತದೆ. ತಿರುಳು ತನ್ನದೇ ರೀತಿಯಲ್ಲಿ ಎಲ್ಲ ಉಪಕರಣಗಳನ್ನೂ ಮತ್ತೊಮ್ಮೆ ವಿಚಾರಿಸಿಕೊಂಡು, ಜಾಲ, ಧ್ವನಿ, ಮುದ್ರಣ ಮೊದಲಾದ ಹತ್ತಾರು ಸೇವೆಗಳನ್ನು ಎಬ್ಬಿಸುತ್ತದೆ. ಕಡೆಗೆ ಪಾಸ್‌ವರ್ಡ್ ಕೇಳುವ ಚೌಕವು ಮೂಡುತ್ತದೆ. ಒಂದು ಹಣತೆಯಿಂದ ಮತ್ತೊಂದನ್ನು ಹೊತ್ತಿಸಿದಂತೆ ಈ ಕೆಲಸ ಹಂತಹಂತವಾಗಿ ಸಾಗುತ್ತದೆ.

ಇಲ್ಲಿ ಕಾಲವು ಎರಡು ಬಗೆಯಲ್ಲಿ ವ್ಯಯವಾಗುತ್ತದೆ. ಒಂದು, ನಿಜವಾದ ಕೆಲಸಕ್ಕೆ. ತಿರುಗುವ ತಟ್ಟೆಯುಳ್ಳ ಹಳೆಯ ಡಿಸ್ಕನ್ನು ತೆಗೆದುಕೊಳ್ಳೋಣ. ಅದು ನಿಮಿಷಕ್ಕೆ ೫,೪೦೦ ಸುತ್ತು ತಿರುಗುವುದಾದರೆ ಒಂದು ಸುತ್ತಿಗೆ ಸುಮಾರು ೧೧ ಮಿಲಿಸೆಕೆಂಡು ಬೇಕು. (ಒಂದು ಸೆಕೆಂಡಿನ ಸಾವಿರದ ಒಂದು ಭಾಗವೇ ಮಿಲಿಸೆಕೆಂಡು.) ಬೇಕಾದ ಬರಹವು ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸೂಜಿಯ ತೋಳು ಸರಿಯಾದ ಸಾಲಿಗೆ ಸರಿಯಲು ಇನ್ನು ೧೨ರಷ್ಟು ಎಂದಿಟ್ಟುಕೊಂಡರೆ, ಚದರಿಬಿದ್ದ ಒಂದೊಂದು ತುಣುಕಿಗೂ ೧೭–೧೮ ಮಿಲಿಸೆಕೆಂಡು ಆಯಿತು. ಸೆಕೆಂಡಿಗೆ ಅರವತ್ತು ತುಣುಕು ಸಿಗುವುದೇ ಕಷ್ಟ. ಗಣಕವು ಏಳುವಾಗ ಓದಬೇಕಾದುವು ಸಾವಿರಾರು. ಚಲಿಸುವ ಭಾಗವೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಇದೇ ಓದಿಗೆ ಒಂದು ಮಿಲಿಸೆಕೆಂಡಿನ ಹತ್ತನೆಯ ಭಾಗದಷ್ಟು ಸಾಕು. ಹಳೆಯ ಡಿಸ್ಕನ್ನು ತೆಗೆದು ಇದನ್ನು ಹಾಕಿಸಿದವರು “ಯಂತ್ರ ಹೊಸದಾಯಿತು” ಎನ್ನುವುದಕ್ಕೆ ಇದೇ ಕಾರಣ.

ಆದರೆ ನಮ್ಮ ಮಿತ್ರರ ಯಂತ್ರಕ್ಕೆ ಎಸ್.ಎಸ್.ಡಿ.ಯನ್ನು ಆಗಲೇ ಹಾಕಿಸಿಯಾಗಿತ್ತು. ಹಾಗಾದರೆ ಎರಡು ನಿಮಿಷ ಹೋದುದೆಲ್ಲಿ? ಅದು ಎರಡನೆಯ ಬಗೆಯ ವ್ಯಯ: ಸುಮ್ಮನೆ ಕಾಯುವುದು. ಗಣಕವು ಯಾರನ್ನೋ ಕೂಗಿ, ಓಗೊಡುವರೇ ಎಂದು ಕಿವಿಗೊಟ್ಟು ನಿಲ್ಲುವುದು. ಇದರ ಸ್ವರೂಪವು ಪರದೆಯ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಕಾಣುವುದರಿಂದ ಮೊದಲು ಅದನ್ನು ನೋಡೋಣ.

ಬಾಗಿಲ ಕರೆಗಂಟೆ

ಎಚ್.ಡಿ.ಎಂ.ಐ. ಕೇಬಲ್ಲಿನ ತುದಿಯಲ್ಲಿ ೧೯ ಸಂಪರ್ಕಗಳಿವೆ. ಬಹುಪಾಲು ಚಿತ್ರವನ್ನು ಸಾಗಿಸುವುವು. ನಮ್ಮ ವಿಷಯಕ್ಕೆ ಬೇಕಾದುವು ಕೊನೆಯ ಎರಡು, ಮತ್ತು ನಡುವಿನ ಎರಡು. ೧೮ನೆಯ ಸಂಪರ್ಕದಲ್ಲಿ ಲ್ಯಾಪ್‌ಟಾಪು ತಾನೇ ೫ ವೋಲ್ಟ್ ವಿದ್ಯುತ್ತನ್ನು ಮಾನಿಟರಿನತ್ತ ಕಳುಹಿಸುತ್ತದೆ. ಮಾನಿಟರು ಅದನ್ನು ೧೯ನೆಯ ಸಂಪರ್ಕದ ಮೂಲಕ ಹಿಂದಿರುಗಿಸುತ್ತದೆ. ಹಿಂದಿರುಗಿದ ಒತ್ತಡವನ್ನು ಕಂಡೊಡನೆ ‘ಹೊರಗೆ ಯಾರೋ ಬಂದಿದ್ದಾರೆ’ ಎಂದು ಲ್ಯಾಪ್‌ಟಾಪಿಗೆ ತಿಳಿಯುತ್ತದೆ. ಕೇಬಲ್ಲನ್ನು ಕಿತ್ತರೆ ಒತ್ತಡ ಬೀಳುತ್ತದೆ. ಅತಿಥಿ ಹೊರಟುಹೋದನೆಂದು ಅರ್ಥ. ಇದು ಬಾಗಿಲ ಕರೆಗಂಟೆಯಿದ್ದಂತೆ. ಗಂಟೆಯಿರುವ ಮನೆಯಲ್ಲಿ ಯಾರೂ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ನೋಡಬೇಕಾಗಿಲ್ಲ.

೨೦೦೬ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್ ಎಂಬ ಸಂಪರ್ಕದಲ್ಲಿ ಈ ಗಂಟೆಗೆ ಭಾಷೆಯೂ ಉಂಟು. ಒತ್ತಡವು ೨ ಮಿಲಿಸೆಕೆಂಡಿಗಿಂತ ಕಡಿಮೆ ಕಾಲ ಬಿದ್ದು ಎದ್ದರೆ ‘ಒಂದು ಮಾತಿದೆ, ಕೇಳು’ ಎಂದು ಅರ್ಥ. ಅದಕ್ಕೂ ಹೆಚ್ಚು ಕಾಲ ಬಿದ್ದಿದ್ದರೆ ‘ಹೊರಟೆ’ ಎಂದು ಅರ್ಥ.

ಹಿಂದಿನ ವಿ.ಜಿ.ಎ. ಸಂಪರ್ಕಕ್ಕೆ ಈ ಸೌಕರ್ಯವಿರಲಿಲ್ಲ. ೧೯೮೭ರಲ್ಲಿ ಬಂದ, ಹದಿನೈದು ಸಂಪರ್ಕಗಳ ಈ ದ್ವಾರವನ್ನು ವಾಚಕರು ಶಾಲೆಯ ಪ್ರೊಜೆಕ್ಟರುಗಳಲ್ಲಿ ನೋಡಿರಬಹುದು. ಅದರಲ್ಲಿ ಗಂಟೆಯ ತಂತಿಯೇ ಇಲ್ಲ. ಮಾನಿಟರಿನೊಳಗೆ ಬಣ್ಣದ ತಂತಿಗಳ ಕೊನೆಯಲ್ಲಿ ೭೫ ಓಮಿನ ವಿದ್ಯುನ್ನಿರೋಧವಿರುತ್ತದೆ. ಗಣಕವು ಆ ತಂತಿಯಲ್ಲಿ ಸ್ವಲ್ಪ ವಿದ್ಯುತ್ತನ್ನು ಹರಿಸಿ, ನಿರೋಧವು ತಗುಲುವುದೋ ಇಲ್ಲವೋ ಎಂದು ಅಳೆದು, ಇರವನ್ನು ಊಹಿಸಬೇಕು. ಹೀಗೆ ಅಳೆಯುವುದನ್ನು ಒಮ್ಮೆ ಮಾಡಿದರೆ ಸಾಲದು. ಅತಿಥಿ ಯಾವಾಗ ಬಂದಾನೋ ತಿಳಿಯದಾದ್ದರಿಂದ ಆಗಾಗ ಎದ್ದುಹೋಗಿ ನೋಡುತ್ತಿರಬೇಕು. ಲಿನಕ್ಸ್ ಹೀಗೆ ಹತ್ತು ಸೆಕೆಂಡಿಗೊಮ್ಮೆ ನೋಡುತ್ತದೆ. ಪ್ರೊಜೆಕ್ಟರಿಗೆ ಕೇಬಲ್ಲನ್ನು ಸಿಕ್ಕಿಸಿದವರು ಒಡನೆಯೇ ಚಿತ್ರ ಮೂಡಲಿಲ್ಲವೆಂದು ಕಿತ್ತು ಮತ್ತೆ ಸಿಕ್ಕಿಸುವುದುಂಟು. ಹತ್ತು ಸೆಕೆಂಡು ಕೈಕಟ್ಟಿ ನಿಂತಿದ್ದರೆ ಅದೇ ಮೂಡುತ್ತಿತ್ತೇನೋ.

ಪರದೆಯ ಜಾತಕ

ಗಂಟೆ ಬಾರಿಸಿದವರು ಯಾರೆಂದು ತಿಳಿಯದೆ ಸತ್ಕಾರ ಹೇಗೆ? ೧,೯೨೦ ಚುಕ್ಕೆ ಅಗಲ, ೧,೦೮೦ ಚುಕ್ಕೆ ಎತ್ತರದ ಚಿತ್ರವನ್ನು ಸೆಕೆಂಡಿಗೆ ೬೦ ಬಾರಿ ಬರೆಯಬೇಕಾದರೆ, ಸಾಲು ಸಾಲಿನ ನಡುವಣ ಬಿಡುವನ್ನೂ ಸೇರಿಸಿ ಸೆಕೆಂಡಿಗೆ ೧೪,೮೫,೦೦,೦೦೦ ಚುಕ್ಕೆಗಳ ಲೆಕ್ಕದಲ್ಲಿ ಸಂಕೇತವನ್ನು ಕಳುಹಿಸಬೇಕು. ಬೇರೆ ಅಳತೆಯ ಪರದೆಗೆ ಬೇರೆ ಲೆಕ್ಕ. ಗಾಜಿನ ಕೊಳವೆಯ ಹಳೆಯ ಮಾನಿಟರುಗಳಲ್ಲಿ ಲೆಕ್ಕ ತಪ್ಪಿದರೆ ಮಾನಿಟರು ಕೆಡುವ ಸಂಭವವೂ ಇತ್ತು.

ಆದುದರಿಂದ ೧೯೯೪ರಲ್ಲಿ ವೀಸಾ ಎಂಬ ತಯಾರಕರ ಒಕ್ಕೂಟವು ಒಂದು ಕಟ್ಟಳೆಯನ್ನು ಮಾಡಿತು. (ಹೊರದೇಶಕ್ಕೆ ಹೋಗಲು ಬೇಕಾದ ರಹದಾರಿಗೂ ಇದಕ್ಕೂ ಹೆಸರಷ್ಟೇ ಒಂದು.) ಪ್ರತಿಯೊಂದು ಮಾನಿಟರೂ ತನ್ನ ವಿವರವನ್ನು ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟುಕೊಂಡಿರಬೇಕು, ಗಣಕವು ಕೇಳಿದರೆ ಒಪ್ಪಿಸಬೇಕು. ಈ ಬರಹಕ್ಕೆ ಇ.ಡಿ.ಐ.ಡಿ. ಎಂದು ಹೆಸರು. ಇದನ್ನು ಪರದೆಯ ಜಾತಕವೆನ್ನಬಹುದು.

ಮೂಲ ಜಾತಕದ ಉದ್ದ ೧೨೮ ಬೈಟುಗಳು, ಎಂದರೆ ೧೨೮ ಚಿಕ್ಕ ಸಂಖ್ಯೆಗಳು. ಒಂದೊಂದೂ ೦ಯಿಂದ ೨೫೫ರೊಳಗಿನದು. ಆರಂಭದ ಎಂಟು ಸಂಖ್ಯೆಗಳು ಎಲ್ಲ ಮಾನಿಟರುಗಳಲ್ಲೂ ಒಂದೇ: ಮೊದಲು ಸೊನ್ನೆ, ಬಳಿಕ ಆರು ಬಾರಿ ೨೫೫, ಮತ್ತೆ ಸೊನ್ನೆ. ಶ್ರೀಕಾರ ಹಾಕಿದಂತೆ ಇದು. ಅನಂತರ ತಯಾರಕರ ಹೆಸರಿನ ಮೂರಕ್ಷರಗಳು, ಮಾದರಿಯ ಸಂಖ್ಯೆ, ಹುಟ್ಟಿದ ವರ್ಷ. ವರ್ಷವನ್ನು ೧೯೯೦ರಿಂದ ಎಣಿಸುತ್ತಾರೆ. ಅಲ್ಲಿ ೨೯ ಎಂದಿದ್ದರೆ ೨೦೧೯ರಲ್ಲಿ ತಯಾರಾದುದೆಂದು ತಿಳಿಯಬೇಕು. ಪರದೆಯ ಅಗಲ ಎತ್ತರಗಳು ಸೆಂಟಿಮೀಟರಿನಲ್ಲಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಅಳತೆಯ ಚಿತ್ರವು ತನಗೆ ಒಗ್ಗುವುದೆಂಬ ವಿವರವಿರುತ್ತದೆ. ಕೊನೆಯ ಸಂಖ್ಯೆಯು ತಾಳೆ ನೋಡುವುದಕ್ಕೆ: ೧೨೮ ಸಂಖ್ಯೆಗಳನ್ನೂ ಕೂಡಿದರೆ ಮೊತ್ತವು ೨೫೬ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಓದುವಾಗ ಎಲ್ಲೋ ತಪ್ಪಿದೆಯೆಂದು ಗಣಕವು ಮತ್ತೆ ಕೇಳುತ್ತದೆ.

ಈ ಸಂಭಾಷಣೆಯು ೧೫ ಮತ್ತು ೧೬ನೆಯ ಸಂಪರ್ಕಗಳಲ್ಲಿ ನಡೆಯುತ್ತದೆ. ಒಂದು ತಾಳ ಹಾಕುತ್ತದೆ, ಇನ್ನೊಂದು ಸುದ್ದಿಯನ್ನು ಒಯ್ಯುತ್ತದೆ. ಸೆಕೆಂಡಿಗೆ ಒಂದು ಲಕ್ಷ ತಾಳ. ಒಂದೊಂದು ಬೈಟಿಗೂ ಒಂಬತ್ತು ತಾಳದಂತೆ ೧೨೮ ಬೈಟುಗಳಿಗೆ ೧,೧೫೨ ತಾಳವಾಯಿತು. ಎಂದರೆ ಸುಮಾರು ೧೨ ಮಿಲಿಸೆಕೆಂಡು. ನಾವು ಒಮ್ಮೆ ಎವೆಯಿಕ್ಕುವುದರೊಳಗೆ ಇಂತಹ ಜಾತಕವನ್ನು ಹತ್ತು ಬಾರಿ ಓದಿ ಮುಗಿಸಬಹುದು.

ಈ ಎರಡು ತಂತಿಗಳಲ್ಲಿ ಒಂದು ಕಡಿದಿದ್ದರೆ ಗಂಟೆ ಕೇಳಿಸುತ್ತದೆ, ಆದರೆ ಜಾತಕ ಸಿಗುವುದಿಲ್ಲ. ಆಗ ಲಿನಕ್ಸ್ ಎಲ್ಲ ಪರದೆಗೂ ಒಗ್ಗಬಹುದಾದ ೧,೦೨೪ ಕ್ಕೆ ೭೬೮ರ ಸಾಧಾರಣ ಅಳತೆಗೆ ಇಳಿಯುತ್ತದೆ. ಹೊಸ ಮಾನಿಟರಿನಲ್ಲಿ ಅಕ್ಷರಗಳು ಊದಿಕೊಂಡು, ಮಸುಕಾಗಿ ಕಂಡರೆ ಮಾನಿಟರನ್ನು ಶಂಕಿಸುವ ಮೊದಲು ಕೇಬಲ್ಲನ್ನು ಶಂಕಿಸುವುದು ಮೇಲು.

ಮಲಗಿದ ಪರದೆ

ಎಲ್ಲವೂ ೧೨ ಮಿಲಿಸೆಕೆಂಡಿನಲ್ಲಿ ಮುಗಿಯುವುದಾದರೆ ತೊಡಕೆಲ್ಲಿ? ತೊಡಕು ಇರುವುದು ಓಗೊಡದಿರುವುದರಲ್ಲಿ. ಜಾತಕದ ಚಿಪ್ಪಿಗೆ ಲ್ಯಾಪ್‌ಟಾಪೇ ೫ ವೋಲ್ಟ್ ಒದಗಿಸಬಲ್ಲುದಾದ್ದರಿಂದ, ಎಷ್ಟೋ ಮಾನಿಟರುಗಳು ತಾವು ಆರಿದ್ದರೂ ಜಾತಕವನ್ನು ಒಪ್ಪಿಸುತ್ತವೆ. ಆದರೆ ಕೆಲವು ಮಾನಿಟರುಗಳು ವಿದ್ಯುತ್ತನ್ನು ಉಳಿಸಲು ಗಾಢನಿದ್ರೆಗೆ ಜಾರಿದಾಗ ಗಂಟೆಯ ತಂತಿಯ ಒತ್ತಡವನ್ನೂ ಇಳಿಸಿಬಿಡುತ್ತವೆ. ಲ್ಯಾಪ್‌ಟಾಪಿನ ಕಣ್ಣಿಗೆ ಆಗ ಕೇಬಲ್ಲನ್ನು ಕಿತ್ತಂತೆಯೇ ಸರಿ.

ಇಲ್ಲಿ ವಿಚಿತ್ರವಾದ ಬಿಕ್ಕಟ್ಟು ಹುಟ್ಟುತ್ತದೆ. ಮಾನಿಟರು ಚಿತ್ರದ ಸಂಕೇತ ಬಂದರೆ ಏಳುತ್ತೇನೆಂದು ಮಲಗಿದೆ. ಲ್ಯಾಪ್‌ಟಾಪು ಮಾನಿಟರು ಎದ್ದಿದ್ದರೆ ಸಂಕೇತವನ್ನು ಕಳುಹಿಸುತ್ತೇನೆಂದು ಕುಳಿತಿದೆ. “ತಾವು ಮೊದಲು”, “ಇಲ್ಲ, ತಾವು ಮೊದಲು” ಎಂದು ಉಪಚಾರ ಹೇಳುತ್ತ ಹೊಸ್ತಿಲಲ್ಲೇ ನಿಂತ ಇಬ್ಬರು ದೊಡ್ಡಮನುಷ್ಯರಂತೆ ಎರಡೂ ಕಾಯುತ್ತವೆ. ನಮ್ಮ ಮಿತ್ರರ ಮಾನಿಟರು ಕಪ್ಪಾಗಿ ಉಳಿಯುತ್ತಿದ್ದುದು ಹೀಗೆ. ಹಿಂದಿನ ರಾತ್ರಿ ಬೇಗ ಮಲಗಿದ ದಿನಗಳಲ್ಲಿ ಮಾತ್ರ ಹೀಗಾಗುತ್ತದೆಂದು ಅವರು ಗಮನಿಸಿದ್ದರು. ಅದು ಸರಿಯಾಗಿಯೇ ಇತ್ತು. ಬಹಳ ಹೊತ್ತು ಬಿಟ್ಟಿದ್ದರೆ ಮಾತ್ರ ಆ ಮಾನಿಟರು ಗಾಢನಿದ್ರೆಗೆ ಜಾರುತ್ತಿತ್ತು.

ಎಷ್ಟು ಹೊತ್ತು ಕಾಯಬೇಕು?

ಲ್ಯಾಪ್‌ಟಾಪು ಇನ್ನಷ್ಟು ಹೊತ್ತು ಕಾಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಪರದೆಯ ಪ್ರಶ್ನೆಯೂ ವೇಗದ ಪ್ರಶ್ನೆಯೂ ಎದುರುಬದುರಾಗುತ್ತವೆ. ಓಗೊಡುವವರು ಇದ್ದರೆ ೧೨ ಮಿಲಿಸೆಕೆಂಡು ಸಾಕು. ಇಲ್ಲದಿದ್ದರೆ ಎಷ್ಟು ಕಾದರೂ ಇಲ್ಲ. ‘ಇಲ್ಲ’ ಎಂದು ಹೇಳಲು ಅಲ್ಲಿ ಯಾರೂ ಇಲ್ಲದಿರುವುದರಿಂದ, ಇಲ್ಲದಿರುವುದಕ್ಕೂ ತಡವಾಗುತ್ತಿರುವುದಕ್ಕೂ ಇರುವ ಭೇದವನ್ನು ಗಣಕವು ತಿಳಿಯಲಾರದು. ಬೇಗ ಕೈಬಿಟ್ಟರೆ ಇರುವ ಪರದೆಯನ್ನು ಕಳೆದುಕೊಳ್ಳುತ್ತದೆ. ತಡವಾಗಿ ಕೈಬಿಟ್ಟರೆ ಪರದೆಯೇ ಇಲ್ಲದವರನ್ನು ದಿನವೂ ಕಾಯಿಸುತ್ತದೆ. ಕೆಲವು ಹಳೆಯ ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಹೊರಗೆ ದ್ವಾರವೇ ಇಲ್ಲದ ಟೆಲಿವಿಷನ್ ಸಂಪರ್ಕವೊಂದು ಚಿಪ್ಪಿನೊಳಗೆ ಉಳಿದಿದ್ದು, ಯಂತ್ರವು ಅಲ್ಲಿಯೂ ಅತಿಥಿಯನ್ನು ಹುಡುಕುತ್ತಿದ್ದುದುಂಟು.

ಸುಧಾರಿಸಿದ ಮದುವೆಮನೆಯಲ್ಲಿ ಏನು ಮಾಡುತ್ತಾರೆ? ಬಾರದ ಒಬ್ಬ ನೆಂಟನಿಗಾಗಿ ಇಡೀ ಪಂಕ್ತಿಯನ್ನು ಕಾಯಿಸುವುದಿಲ್ಲ. ಎಲೆ ಹಾಕಿ ಬಡಿಸುತ್ತಾರೆ. ಅವನು ಬಂದಾಗ ಅವನಿಗೂ ಒಂದೆಲೆ ಹಾಕುತ್ತಾರೆ. ಗಣಕಗಳನ್ನು ಬೇಗ ಎಬ್ಬಿಸುವ ಉಪಾಯವೂ ಇದೇ. ೨೦೦೮ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನಡೆದ ಲಿನಕ್ಸ್ ತಜ್ಞರ ಸಮ್ಮೇಳನವೊಂದರಲ್ಲಿ, ಇಂಟೆಲ್ ಸಂಸ್ಥೆಯ ಅರ್ಜನ್ ವಾನ್ ಡೆ ವೆನ್ ಮತ್ತು ಔಕೆ ಕೋಕ್ ಎಂಬಿಬ್ಬರು ಅಗ್ಗದ ಈ-ಪಿಸಿ ಲ್ಯಾಪ್‌ಟಾಪನ್ನು ಐದು ಸೆಕೆಂಡಿನಲ್ಲಿ ಎಬ್ಬಿಸಿ ತೋರಿಸಿದರು. ಅವರು ಇದ್ದುದನ್ನೇ ಸ್ವಲ್ಪ ಸ್ವಲ್ಪವಾಗಿ ಚುರುಕುಗೊಳಿಸಲು ಹೊರಡಲಿಲ್ಲ. ಐದು ಸೆಕೆಂಡೆಂದು ಮೊದಲೇ ನಿಶ್ಚಯಿಸಿ, ಸಂಸಾರಸ್ಥನು ತಿಂಗಳ ಸಂಬಳವನ್ನು ಹಂಚುವಂತೆ ಅದನ್ನು ಹಂಚಿದರು: ತಿರುಳಿಗೆ ೧, ಆರಂಭದ ಸೇವೆಗಳಿಗೆ ೧, ಚಿತ್ರವ್ಯವಸ್ಥೆಗೆ ೧, ಉಳಿದ ಮೇಜಿನ ಸಿದ್ಧತೆಗೆ ೨. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಕೈಕಟ್ಟಿ ನಿಲ್ಲುವುದಕ್ಕೆ ಎಡೆಯಿಲ್ಲ. ಬೇರೆ ಬೇರೆ ಕೆಲಸಗಳು ಜೊತೆಜೊತೆಗೆ ಸಾಗಬೇಕು. ಇಂದಿನ ವ್ಯವಸ್ಥೆಗಳು ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆಯುತ್ತವೆ. ಪರದೆಯ ಮಟ್ಟಿಗೂ, ಈಗ ಓಗೊಡದಿದ್ದರೆ ಮುಂದೆ ಗಂಟೆ ಬಾರಿಸಿದಾಗ ನೋಡಿದರಾಯಿತೆಂದು ಮುಂದುವರಿಯುತ್ತವೆ.

ವೇಗಕ್ಕೆ ವಿಂಡೋಸ್ ಮತ್ತೊಂದು ದಾರಿಯನ್ನೂ ಹಿಡಿದಿದೆ. ೨೦೧೨ರಲ್ಲಿ ಬಂದ ಅದರ ಎಂಟನೆಯ ಆವೃತ್ತಿಯಿಂದ, ‘ಷಟ್ ಡೌನ್’ ಒತ್ತಿದರೆ ತಿರುಳು ಪೂರ್ತಿಯಾಗಿ ಅಳಿಯುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಇದರಿಂದ ಬೇಗ ಏಳುವುದು ನಿಜ. ಆದರೆ ನಿನ್ನೆಯ ಗೊಂದಲವೂ ಕೆಲವೊಮ್ಮೆ ಇಂದಿಗೆ ಉಳಿದು ಬರುತ್ತದೆ. ‘ರೀಸ್ಟಾರ್ಟ್’ ಒತ್ತಿದಾಗ ಮಾತ್ರ ಎಲ್ಲವನ್ನೂ ಮೊದಲಿನಿಂದ ವಿಚಾರಿಸುತ್ತದೆ. ಆರಿಸಿ ಹಚ್ಚಿದಾಗ ಕಾಣದ ಮಾನಿಟರು ರೀಸ್ಟಾರ್ಟ್ ಮಾಡಿದಾಗ ಕಾಣಿಸಿದರೆ ಅದರಲ್ಲಿ ಪವಾಡವೇನೂ ಇಲ್ಲ.

ಮಾಡಬಹುದಾದುದು

ಈ ತೊಂದರೆಯುಳ್ಳ ವಾಚಕರು ಹಣ ಖರ್ಚುಮಾಡುವ ಮೊದಲು ಕೆಲವನ್ನು ನೋಡಬಹುದು. ಮೊದಲನೆಯದಾಗಿ, ಮಾನಿಟರನ್ನು ಅದರ ಗುಂಡಿಯಿಂದಲೇ ಹಚ್ಚಿ, ಅದು ಬೆಳಗಿದ ಮೇಲೆ ಲ್ಯಾಪ್‌ಟಾಪನ್ನು ಹಚ್ಚಬೇಕು. ಮಾನಿಟರಿನ ಪಟ್ಟಿಯಲ್ಲಿ ಗಾಢನಿದ್ರೆಯ ಆಯ್ಕೆಯಿದ್ದರೆ ಅದನ್ನು ತೆಗೆದುಬಿಡಬೇಕು. ಎರಡನೆಯದಾಗಿ, ಕೇಬಲ್ಲನ್ನು ಬದಲಿಸಿ ನೋಡಬೇಕು. ನಡುವೆ ಅಡಾಪ್ಟರು ಇದ್ದರೆ ಅದನ್ನು ಬಿಟ್ಟು ನೋಡಬೇಕು. ವಿಂಡೋಸ್ ಇರುವವರು ವಿಂಡೋಸ್ ಕೀಲಿಯೊಡನೆ ‘ಪಿ’ ಒತ್ತಿ ಯಾವ ಪರದೆಗೆ ಚಿತ್ರ ಹೋಗುತ್ತಿದೆಯೆಂದು ನೋಡಬಹುದು. ವಿಂಡೋಸ್, ಕಂಟ್ರೋಲ್, ಷಿಫ್ಟ್ ಕೀಲಿಗಳೊಡನೆ ‘ಬಿ’ ಒತ್ತಿದರೆ ಚಿತ್ರವ್ಯವಸ್ಥೆಯೊಂದೇ ಹೊಸದಾಗಿ ಆರಂಭವಾಗುತ್ತದೆ.

ಮೂರನೆಯದಾಗಿ, ತಡವಾಗಿ ಏಳುವ ಯಂತ್ರದಲ್ಲಿ ಊಹೆಯನ್ನು ಬಿಟ್ಟು ಅಳೆಯಬೇಕು. ಲಿನಕ್ಸ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಎಂಬ ಆಜ್ಞೆಯೊಡನೆ ‘ಬ್ಲೇಮ್’ ಎಂದು ಸೇರಿಸಿದರೆ ಯಾವ ಸೇವೆಗೆ ಎಷ್ಟು ಕಾಲ ಹಿಡಿಯಿತೆಂಬ ಪಟ್ಟಿ ಬರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪ್ರವೇಶದೊಡನೆಯೇ ಏಳುವ ಕಾರ್ಯಕ್ರಮಗಳ ಪಟ್ಟಿಯಿದೆ. ಬೇಡದವನ್ನು ಅಲ್ಲಿ ತಡೆಯಬಹುದು.

ನಮ್ಮ ಮಿತ್ರರ ಯಂತ್ರವು ಲಿನಕ್ಸಿನದು. ಗಡಿಯಾರ ಹಿಡಿದು ನೋಡಿದೆವು: ೧೨೮ ಸೆಕೆಂಡು. ಲಾಂಛನದ ಹಿಂದೆ ಅಡಗಿದ್ದ ಸಂದೇಶಗಳನ್ನು ಎಸ್ಕೇಪ್ ಕೀಲಿಯಿಂದ ತೆರೆದಾಗ ಗುಟ್ಟು ಹೊರಬಿತ್ತು. ಯಂತ್ರವು ಒಂದು ಡಿಸ್ಕನ್ನು ಕೂಗಿ ಕಾಯುತ್ತಿತ್ತು. ಎಸ್.ಎಸ್.ಡಿ.ಯನ್ನು ಹಾಕಿದವರು ಹಳೆಯ ಡಿಸ್ಕನ್ನು ಕಳಚಿದ್ದರು. ಆದರೆ ಸ್ಮರಣೆ ಸಾಲದಾದಾಗ ಸರಕನ್ನು ಇಳಿಸಲು ಆ ಡಿಸ್ಕಿನಲ್ಲಿ ಗೊತ್ತುಮಾಡಿದ್ದ ಉಗ್ರಾಣದ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದಿತ್ತು. ಇಲ್ಲದ ಡಿಸ್ಕಿಗಾಗಿ ಆ ವ್ಯವಸ್ಥೆಯು ಕಾಯುವ ಅವಧಿ ೯೦ ಸೆಕೆಂಡು. ಅಷ್ಟು ಕಾದು, ಯಾವ ದೂರನ್ನೂ ಹೇಳದೆ, ಅದು ಮುಂದೆ ಸಾಗುತ್ತಿತ್ತು. ಆ ಒಂದು ಸಾಲನ್ನು ಅಳಿಸಿದೆವು. ಮರಳಿ ಹಚ್ಚಿದಾಗ ೩೮ ಸೆಕೆಂಡು.

ಮಾನಿಟರಿಗೆ ಎರಡು ಕೆಲಸ ಮಾಡಿದೆವು. ಅದರ ಗಾಢನಿದ್ರೆಯನ್ನು ತಪ್ಪಿಸಿದೆವು. ಅದು ಎಚ್ಚರವಾಗಿದ್ದಾಗ ಅದರ ಜಾತಕವನ್ನು ಓದಿ ಡಿಸ್ಕಿನಲ್ಲಿ ಉಳಿಸಿ, ಗಂಟೆ ಕೇಳಿದರೂ ಕೇಳದಿದ್ದರೂ ಆ ದ್ವಾರದಲ್ಲಿ ಪರದೆ ಇದ್ದೇ ಇದೆಯೆಂದು ಲಿನಕ್ಸ್‌ಗೆ ಆರಂಭದಲ್ಲಿಯೇ ತಿಳಿಸುವ ಆಜ್ಞೆಯನ್ನು ಬರೆದಿಟ್ಟೆವು. ಈಗ ಲ್ಯಾಪ್‌ಟಾಪು ಉಪಚಾರಕ್ಕೆ ನಿಲ್ಲದೆ ತಾನೇ ಮೊದಲು ಸಂಕೇತವನ್ನು ಕಳುಹಿಸುತ್ತದೆ, ಮಾನಿಟರು ಏಳುತ್ತದೆ.

ಒಂದೇ ಯಂತ್ರವು ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾಯುತ್ತಿತ್ತು. ಇದ್ದ ಪರದೆಗಾಗಿ ಕ್ಷಣವೂ ಕಾಯದೆ ಕೈಬಿಡುತ್ತಿತ್ತು. ಎರಡೂ ಕಡೆ ಕೊರತೆಯಿದ್ದುದು ಶಕ್ತಿಯದಲ್ಲ, ತಿಳಿವಿನದು. ಯಾರು ಬರುವರು, ಯಾರು ಬಾರರು ಎಂಬುದನ್ನು ಯಂತ್ರವು ತಾನಾಗಿ ತಿಳಿಯಲಾರದು. ತಿಳಿದವರು ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಆ ಎರಡು ಸಾಲುಗಳ ಬದಲು ಹೊಸ ಲ್ಯಾಪ್‌ಟಾಪನ್ನು ಕೊಂಡಿದ್ದರೆ ಮಿತ್ರರ ಹಣವೂ ಹೋಗುತ್ತಿತ್ತು, ಇನ್ನೂ ದುಡಿಯಬಲ್ಲ ಯಂತ್ರವೊಂದು ಕಸದ ರಾಶಿಯನ್ನೂ ಸೇರುತ್ತಿತ್ತು. ಅಷ್ಟಾಗಿಯೂ, ಮಲಗುವ ಮಾನಿಟರು ಹಳೆಯದೇ ಆಗಿರುತ್ತಿದ್ದುದರಿಂದ, ಕಪ್ಪು ಪರದೆಯ ಕಾಟ ತಪ್ಪುತ್ತಿತ್ತೆಂಬ ಭರವಸೆಯಿರಲಿಲ್ಲ.

ಈಗ ಮಿತ್ರರು ಪ್ರತಿ ರಾತ್ರಿ ಯಂತ್ರವನ್ನು ಆರಿಸಿ ಮಲಗುತ್ತಾರೆ. ಬೆಳಗ್ಗೆ ಸ್ವಿಚ್ಚು ಒತ್ತಿ ಕಾಫಿಯ ಲೋಟವನ್ನು ತರುವುದರೊಳಗೆ ದೊಡ್ಡ ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿರುತ್ತವೆ. ನೇಗಿಲಿನ ಭಾಗಗಳ ಹೆಸರುಗಳನ್ನು ಅವರು ಏರಿಸಿ ಮುಗಿಸಿದ್ದಾರೆ. ಈಗ ಮಳೆಯ ಮಾತುಗಳು ನಡೆದಿವೆ.